ಚೆನ್ನೆಮಣೆಯಿಂದ ಭಾಗಾಕಾರದವರೆಗೆ: ಎಡಿಎಚ್‌ಡಿ ಇರುವ ಹುಡುಗನೊಂದಿಗೆ ನನ್ನ ಅನುಭವ

ಉಡುಪಿಯ ಶಾಲೆಯೊಂದರಲ್ಲಿ ವಿಶೇಷ ಶಿಕ್ಷಕಿಯಾಗಿರುವ ನನ್ನ ಬಳಿಗೆ ಆರನೇ ತರಗತಿಯ ಆ ಹುಡುಗ ಬಂದಾಗ ಅವನಿಗೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಮತ್ತು ಆತುರ ಹೆಚ್ಚಿರುವ ಸ್ಥಿತಿ) ಇದೆಯೆಂದು ತಜ್ಞ ವೈದ್ಯರು ಆಗಲೇ ತಿಳಿಸಿದ್ದರು. “ಬುದ್ಧಿ ಉಂಟು ಟೀಚರ್, ಕೂತಲ್ಲಿ ಕೂರುವುದಿಲ್ಲ ಅಷ್ಟೆ” ಎಂದರು ತಾಯಿ. ಔಷಧದ ವಿಚಾರ ವೈದ್ಯರದ್ದು. ನನ್ನ ಪಾಲಿಗೆ ಬಂದದ್ದು ಅವನ ವರ್ಕಿಂಗ್ ಮೆಮೊರಿ, ಅಂದರೆ ಒಂದು ಕೆಲಸ ಮುಗಿಯುವವರೆಗೆ ಅದಕ್ಕೆ ಬೇಕಾದ ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ.

ಮನೆಯವರು ಮೊಬೈಲಿನಲ್ಲಿ ಮೆದುಳಿಗೆ ಕಸರತ್ತು ಕೊಡುವ ಆಟವೊಂದನ್ನು ಹಾಕಿಕೊಟ್ಟಿದ್ದರು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ನರವಿಜ್ಞಾನಿ ಟಾರ್ಕೆಲ್ ಕ್ಲಿಂಗ್‌ಬರ್ಗ್ ಅವರ ಪ್ರಯೋಗಗಳ ನಂತರ ಇಂತಹ ಕಂಪ್ಯೂಟರ್ ತರಬೇತಿಗಳ ಮೇಲೆ ದೊಡ್ಡ ಭರವಸೆ ಹುಟ್ಟಿತ್ತು. ಆದರೆ ಅಂತಹ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್, ಅಭ್ಯಾಸ ಮಾಡಿದ ಬಗೆಯ ಕೆಲಸದಲ್ಲಿ ಮಕ್ಕಳು ಸುಧಾರಿಸಿದರೂ ಆ ಲಾಭ ಓದಿಗಾಗಲಿ ಲೆಕ್ಕಕ್ಕಾಗಲಿ ಹರಿದುಬರುವುದಕ್ಕೆ ಆಧಾರ ಸಾಲದೆಂದು 2013ರಲ್ಲಿ ತೋರಿಸಿದರು. ನಮ್ಮ ಹುಡುಗನೂ ಆಟದಲ್ಲಿ ಹಂತದ ಮೇಲೆ ಹಂತ ಏರುತ್ತಿದ್ದ, ಲೆಕ್ಕದ ಪುಸ್ತಕ ಮಾತ್ರ ಇದ್ದಂತೆಯೇ ಇತ್ತು. ಆದ್ದರಿಂದ ಯಾವ ಕೆಲಸದಲ್ಲಿ ಅವನು ಎಡವುತ್ತಾನೋ ಆ ಕೆಲಸದೊಳಗೇ ತರಬೇತಿಯನ್ನು ತರುವುದೆಂದು ನಿಶ್ಚಯಿಸಿದೆ.

ಅವನು ಎಡವುತ್ತಿದ್ದದ್ದು ಭಾಗಾಕಾರದಲ್ಲಿ. 952ನ್ನು 7ರಿಂದ ಭಾಗಿಸಲು ಕೊಟ್ಟರೆ, ಒಂಬತ್ತರಲ್ಲಿ ಏಳು ಒಂದು ಸಲ ಎಂದು ಬರೆದು, ಕಳೆದು 2 ಉಳಿಸಿಕೊಳ್ಳುವವರೆಗೆ ತೊಂದರೆಯಿರಲಿಲ್ಲ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿತೆಂದರೆ ಕಣ್ಣು ಅತ್ತ ಹೋಗುತ್ತಿತ್ತು, ಮರಳಿ ಬಂದಾಗ ತಾನು ಎಲ್ಲಿದ್ದೆನೆಂಬುದು ತಪ್ಪಿಹೋಗಿ, 5ನ್ನು ಕೆಳಗಿಳಿಸುವ ಬದಲು ಉಳಿದ 2ನ್ನೇ ಉತ್ತರದ ಸಾಲಿಗೆ ಸೇರಿಸುತ್ತಿದ್ದ. ಮಗ್ಗಿ ಬಾಯಿಪಾಠವಿದ್ದ ಹುಡುಗನಿಗೆ ‘ಲೆಕ್ಕ ಬರುವುದಿಲ್ಲ’ ಎಂಬ ಹಣೆಪಟ್ಟಿ ಅಂಟಿದ್ದು ಹೀಗೆ.

ಇದಕ್ಕೆ ನಾನು ಹಿಡಿದದ್ದು ಮನಶ್ಶಾಸ್ತ್ರಜ್ಞರಾದ ಮೈಕೆನ್‌ಬಾಮ್ ಮತ್ತು ಗುಡ್‌ಮನ್ 1971ರಲ್ಲಿ ವಿವರಿಸಿದ, ತನಗೆ ತಾನೇ ಹೇಳಿಕೊಳ್ಳುತ್ತ ಕೆಲಸ ಮಾಡುವ ದಾರಿ. ಮೊದಲು ನಾನೇ ‘ಭಾಗಿಸು, ಗುಣಿಸು, ಕಳೆ, ಇಳಿಸು’ ಎಂದು ಗಟ್ಟಿಯಾಗಿ ಹೇಳುತ್ತ ಲೆಕ್ಕ ಮಾಡಿ ತೋರಿಸಿದೆ. ಬಳಿಕ ನನ್ನ ಮಾತಿಗೆ ಅವನ ಕೈ ನಡೆಯಿತು. ಆಮೇಲೆ ಮಾತೂ ಕೈಯೂ ಅವನದೇ ಆಯಿತು. ಕ್ರಮೇಣ ಆ ಮಾತು ಪಿಸುಗುಟ್ಟುವಿಕೆಗೆ ಇಳಿದು, ಕೊನೆಗೆ ತುಟಿಯೊಳಗೇ ಉಳಿಯಿತು. ಪಿಸುಮಾತಿನ ಹಂತದಲ್ಲಿ ಆತುರ ಮಾಡಬಾರದೆಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ತುಟಿ ಆಡಿಸುವ ಮಗುವನ್ನು ಗದರಿಸುವುದು ವಾಡಿಕೆಯಾದ್ದರಿಂದ ಅವನ ಗಣಿತ ಶಿಕ್ಷಕರಲ್ಲಿ ಮೊದಲೇ ಮಾತನಾಡಿದ್ದೆ. ಅವರು ಒಪ್ಪಿದ್ದಲ್ಲದೆ, ಒಂದು ಪುಟದಲ್ಲಿ ಕೊಡುವ ಲೆಕ್ಕಗಳನ್ನೂ ಅರ್ಧಕ್ಕೆ ಇಳಿಸಿದರು.

ಕೈಗಿಂತ ಮೊದಲು ಯೋಚನೆ ನಡೆಯಲೆಂದು ಚೆನ್ನೆಮಣೆಯನ್ನೂ ಬಳಸಿದೆ. ಇದು ಅಳಗುಳಿಮಣೆ ಎಂದೂ ಕರೆಯುವ ಆಟ: ಏಳೇಳು ಕುಳಿಗಳ ಎರಡು ಸಾಲು, ಕುಳಿಗೆ ನಾಲ್ಕರಂತೆ 56 ಕಾಯಿ; ಒಂದು ಕುಳಿಯ ಕಾಯಿಗಳನ್ನು ಎತ್ತಿ ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಅದನ್ನು ಆಡುವ ರೂಢಿ ಅವನ ಮನೆಯಲ್ಲಿ ಇತ್ತು, ಅಜ್ಜಿ ಪಳಗಿದ ಆಟಗಾರ್ತಿ. ನಾನು ಸೇರಿಸಿದ ನಿಯಮ ಒಂದೇ: ಕಾಯಿ ಎತ್ತುವ ಮೊದಲು ಕೊನೆಯ ಕಾಯಿ ಯಾವ ಕುಳಿಗೆ ಬೀಳುತ್ತದೆಂದು ಹೇಳಬೇಕು, ತಪ್ಪಿದರೆ ಸರದಿ ಎದುರಾಳಿಗೆ. ಕುಳಿಯಲ್ಲಿ ನಾಲ್ಕೇ ಇದ್ದಾಗ ಇದು ಸುಲಭ. ಒಂಬತ್ತು-ಹತ್ತು ಸೇರಿ ಎಣಿಕೆ ಮೂಲೆ ತಿರುಗಿ ಎದುರು ಸಾಲಿಗೆ ದಾಟುವಾಗ ಅವನು ಹುಬ್ಬು ಗಂಟಿಕ್ಕಿ, ಬೆರಳನ್ನು ಮಣೆಗೆ ತಾಗಿಸದೆ ಗಾಳಿಯಲ್ಲೇ ಎಣಿಸುತ್ತಿದ್ದ. ಚೆನ್ನೆ ಆಡಿದರೆ ಭಾಗಾಕಾರ ತಾನಾಗಿ ಬರುತ್ತದೆಂದು ನಾನು ನಂಬಿರಲಿಲ್ಲ. ಹಾಗಾಗಿಯೇ ಮಣೆಯ ಮುಂದೆ ಹೇಳುತ್ತಿದ್ದ “ಮೊದಲು ಹೇಳು, ಆಮೇಲೆ ಕೈ” ಎಂಬ ಮಾತನ್ನೇ ಲೆಕ್ಕದ ಪುಸ್ತಕದ ಮುಂದೆಯೂ ಹೇಳಿದೆ.

ಭಾಗಾಕಾರ ಈಗ ಬಹುಮಟ್ಟಿಗೆ ಸರಿಹೋಗಿದೆ. ಡೈರಿ ಬರೆಯುವುದನ್ನು ಮಾತ್ರ ಅವನು ಇಂದಿಗೂ ಮರೆಯುತ್ತಾನೆ, ಅದಕ್ಕೆ ತರಬೇತಿಯ ಗೋಜಿಗೆ ಹೋಗದೆ ಬ್ಯಾಗಿನ ಒಳಮೈಗೆ ಪಟ್ಟಿಯೊಂದನ್ನು ಅಂಟಿಸಿದ್ದೇವೆ. ಕನ್ನಡ ಪ್ರಬಂಧದಲ್ಲಿ ವಿಷಯ ಬಿಟ್ಟು ಅಲೆಯುವುದೂ ನಿಂತಿಲ್ಲ. ಬರೆಯುವ ಮೊದಲು ಮೂರು ಉಪಶೀರ್ಷಿಕೆಗಳನ್ನು ಬಾಯಿಬಿಟ್ಟು ಹೇಳಿ ಚೀಟಿಯಲ್ಲಿ ಗುರುತು ಮಾಡಿಕೊಳ್ಳುವ ಅಭ್ಯಾಸವನ್ನು ಈ ಅವಧಿಯಲ್ಲಿ ಆರಂಭಿಸಿದ್ದೇವೆ.