ಬಳ್ಳಾರಿಯ ಬಿಸಿಲಿಗೂ ಬಿಡದ ಸಂದು: ಅಕ್ರಿಲಿಕ್ ಮೀನಿನ ತೊಟ್ಟಿ ಕಟ್ಟಿದ ನನ್ನ ಅನುಭವ

ಬಳ್ಳಾರಿಯ ಬಿಸಿಲಿಗೆ ಅಕ್ರಿಲಿಕ್ (ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್) ತೊಟ್ಟಿ ನಿಲ್ಲುವುದಿಲ್ಲ, ಒಂದು ಬೇಸಿಗೆಯೊಳಗೆ ಸಂದುಗಳೆಲ್ಲ ಬಿಟ್ಟುಕೊಳ್ಳುತ್ತವೆ ಎಂದು ಮೀನಿನ ಅಂಗಡಿಯವರಿಂದ ಹಿಡಿದು ನಾಮಫಲಕ ಮಾಡುವ ಗೆಳೆಯರವರೆಗೆ ಎಲ್ಲರೂ ಹೇಳಿದ್ದರು. "ಗಾಜಿಂದು ಒಯ್ರಿ ಅಣ್ಣಾ, ಸುಮ್ನ ರೊಕ್ಕ ಯಾಕ ಹಾಳ್ ಮಾಡ್ತೀರಿ" ಎಂದವರೂ ಇದ್ದರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹದಿನೈದು ಇಂಚು ಎತ್ತರದ, ಹೆಚ್ಚುಕಡಿಮೆ 60 ಲೀಟರ್ ಹಿಡಿಯುವ ನನ್ನ ತೊಟ್ಟಿ ಎರಡು ಬೇಸಿಗೆಗಳನ್ನು ದಾಟಿಯೂ ಹನಿ ಸೋರದೆ ನಿಂತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ಸುಮಾರು 3,000 ರೂಪಾಯಿ ಲೇಸರ್ ಕಟಿಂಗ್‌ಗೆ ಬಲಿಯಾಯಿತು. ಅಂಚುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆದರೆ ಅಂಚುಗಳನ್ನು ಕರಗಿಸಿ ಬೆಸೆಯುವ ದ್ರಾವಕ ತಗುಲಿದ ಕೆಲವೇ ಕ್ಷಣಗಳಲ್ಲಿ ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಎದ್ದವು. ಲೇಸರಿನ ಶಾಖಕ್ಕೆ ಕರಗಿ ಗಟ್ಟಿಯಾದ ಅಂಚಿನೊಳಗೆ ಬಿಗಿತ ಉಳಿದಿರುತ್ತದೆ, ದ್ರಾವಕ ಅದನ್ನು ಬಿರುಕಾಗಿ ಹೊರಗೆಡಹುತ್ತದೆ. ಅದೇ ಹಾಳೆಯ ತುಂಡುಗಳನ್ನು ಮನೆಯ ಓವನ್‌ನಲ್ಲಿ 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ಆರಿಸಿ ಅಂಟಿಸಿದಾಗ ಬಿರುಕು ಬರಲಿಲ್ಲ. ಆದರೆ ಎರಡಡಿಯ ಹಾಳೆ ಹಿಡಿಸುವ ಓವನ್ ಯಾರ ಮನೆಯಲ್ಲಿದೆ? ಆದ್ದರಿಂದ ಎರಡನೆಯ ಸಲ 10 ಮಿಲಿಮೀಟರಿನ ಕ್ಯಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ) ಹಾಳೆಯನ್ನೇ ತಂದು, ರೂಟರ್‌ನಲ್ಲಿ (ತಿರುಗುವ ಅಲಗಿನ ಯಂತ್ರದಲ್ಲಿ) ಕತ್ತರಿಸಿ, ಅಂಚುಗಳನ್ನು ಮರಳುಕಾಗದದಿಂದ ಸಮ ಮಾಡಿದೆ. ಬೆಂಕಿ ತೋರಿಸಿ ಹೊಳಪು ಕೊಡುವ ಗೋಜಿಗೆ ಹೋಗಲಿಲ್ಲ. ಗಾಜಿನ ತೊಟ್ಟಿಗೆ ಬಳಸುವ ಸಿಲಿಕೋನ್ ಅಂಟನ್ನು ಹಚ್ಚಿ ನೋಡಿದ ತುಂಡು ಒಂದು ವಾರ ನೀರಿನಲ್ಲಿದ್ದ ಮೇಲೆ ಉಗುರಿಗೇ ಸುಲಿದು ಬಂದಿತು.

ನಿಜವಾದ ತೊಡಕು ಇದ್ದದ್ದು ನಮ್ಮೂರಿನ ಹವೆಯಲ್ಲಿ. ಅಂಟಿಸಲು ಬಳಸಿದ ದ್ರಾವಕ ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಇಲ್ಲಿನ ನೆರಳಿನಲ್ಲೇ ಅಷ್ಟು ಶಾಖವಿರುತ್ತದೆ. ಸಿರಿಂಜಿನಿಂದ ಹೊರಬಿದ್ದ ದ್ರಾವಕ ಸಂದಿನ ಅರ್ಧಕ್ಕೆ ಮುಟ್ಟುವ ಮೊದಲೇ ಹಾರಿಹೋಗಿ ಗಾಳಿಗುಳ್ಳೆಗಳ ಸಾಲನ್ನು ಬಿಡುತ್ತಿತ್ತು. ನಾಮಫಲಕದವರು ಬಳಸುವ ಕ್ಲೋರೋಫಾರ್ಮ್ 61 ಡಿಗ್ರಿಯ ಬಳಿ ಕುದಿಯುವುದರಿಂದ ಸ್ವಲ್ಪ ತಾಳುತ್ತದೆ. ನಾನು ಎರಡನ್ನೂ ಬೆರೆಸಿ, ಅದಕ್ಕೆ ಮತ್ತೊಂದನ್ನು ತುಸು ಸೇರಿಸಿದೆ. ಆ ಮೂರನೆಯದೇನು, ಪಾಲು ಎಷ್ಟು ಎಂಬುದು ನನ್ನಲ್ಲಿಯೇ ಇರಲಿ. ಕೆಲಸವನ್ನು ಡಿಸೆಂಬರಿಗೆ ಮುಂದೂಡಿ, ದ್ರಾವಕದ ಆವಿ ಮೂಗಿಗೆ ಏರದಂತೆ ತೆರೆದ ಪಡಸಾಲೆಯಲ್ಲಿ, ಸೂರ್ಯ ಏಳುವ ಮೊದಲೇ ಮುಗಿಸಿದೆ. ಹಿಂದಿನ ರಾತ್ರಿಯೇ ಎಲ್ಲ ಹಾಳೆಗಳನ್ನೂ ಒಂದೇ ಕಡೆ ಇಟ್ಟಿದ್ದೆ, ಏಕೆಂದರೆ 20 ಡಿಗ್ರಿಯ ವ್ಯತ್ಯಾಸಕ್ಕೆ ಎರಡಡಿಯ ಅಕ್ರಿಲಿಕ್ ಮುಕ್ಕಾಲು ಮಿಲಿಮೀಟರಿಗೂ ಮೀರಿ ಹಿಗ್ಗುತ್ತದೆ.

ಅಡುಗೆಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ಚಪ್ಪಡಿಯೇ ನನ್ನ ಸಮತಟ್ಟು. ಸಂದಿನಲ್ಲಿ ಗುಂಡುಸೂಜಿಗಳನ್ನಿಟ್ಟು ದ್ರಾವಕ ಬಿಟ್ಟಾಗ, ಮಸುಕು ಬಿಳಿಯಾಗಿದ್ದ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಿಳಿಯಾಗುತ್ತಾ ಸಾಗುವುದನ್ನು ನೋಡಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಅಂಚು ಸಮವಿಲ್ಲ ಎಂದೇ ಅರ್ಥ. ಅಂಚು ಮೆತ್ತಗಾದ ಮೇಲೆ ಸೂಜಿಗಳನ್ನು ಸೆಳೆದರೆ ಹಾಳೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಕೈಯಿಂದ ಒತ್ತಿದರೆ ದ್ರಾವಕ ಹೊರಬಂದು ಸಂದು ಒಣಕಲಾಗುತ್ತದೆ. ಮೇಲ್ಭಾಗದ ಸುತ್ತ ಎರಡು ಇಂಚಿನ ಪಟ್ಟಿ ಕೂರಿಸಿದ್ದರಿಂದ ನೀರು ತುಂಬಿದಾಗ ಮುಂಬದಿ ಉಬ್ಬಿದ್ದು ಒಂದೆರಡು ಮಿಲಿಮೀಟರ್ ಮಾತ್ರ. ಮಾಳಿಗೆಯ ಮೇಲೆ ಹಳೆಯ ಪತ್ರಿಕೆ ಹಾಸಿ, ತುಂಬಿದ ತೊಟ್ಟಿಯನ್ನು ವಾರವಿಡೀ ಇಟ್ಟೆ, ಕಾಗದ ಒದ್ದೆಯಾಗಲಿಲ್ಲ.

ಲೆಕ್ಕಕ್ಕೆ ಬಂದರೆ ಗಾಜೇ ಅಗ್ಗ. ಚದರಡಿಗೆ 350ರ ಆಸುಪಾಸಿನಲ್ಲಿ ಹತ್ತೂವರೆ ಚದರಡಿ ಹಾಳೆ, ರೂಟರ್ ಕೂಲಿ, ಸಣ್ಣಪುಟ್ಟದ್ದು ಸೇರಿ 5,000 ಆಯಿತು. ಕೆಟ್ಟ ಹಾಳೆಯನ್ನೂ ಕೂಡಿಸಿದರೆ 8,000. ಇದೇ ಅಳತೆಯ ಗಾಜಿನ ತೊಟ್ಟಿ 1,500ಕ್ಕೆ ಸಿಗುತ್ತಿತ್ತು. ಆದರೆ ಅಷ್ಟೇ ದಪ್ಪದ ಗಾಜಿನ ಅರ್ಧ ತೂಕವೂ ಇಲ್ಲದ ಇದನ್ನು ನಾನೊಬ್ಬನೇ ಮೆಟ್ಟಿಲೇರಿಸಿದೆ. ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ಕೆರೆದು ತೆಗೆಯಬಾರದು, ಗೀರು ಬೀಳುತ್ತದೆ. ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ ಸಾಕು. ಗಾಜು ಒಯ್ಯಿರೆಂದಿದ್ದ ಅಂಗಡಿಯವರೇ ಈಗ ಮೂರಡಿಯದೊಂದನ್ನು ಕಟ್ಟಿಕೊಡಲು ಕೇಳಿದ್ದಾರೆ. ಡಿಸೆಂಬರಿನವರೆಗೆ ಕಾಯುವುದಾದರೆ ಸರಿ ಎಂದಿದ್ದೇನೆ.