ಸದ್ದಿಗಿಂತ ಮೊದಲೇ ಕ್ಯಾಮೆರಾ ಎತ್ತಿ

ಎತ್ತರದಲ್ಲಿ ಹೋಗುವ ವಿಮಾನವನ್ನೂ ಅದರ ಹಿಂದೆ ಮೂಡುವ ಬಿಳಿಗೆರೆಯನ್ನೂ ಚಿತ್ರದಲ್ಲಿ ಹಿಡಿಯಬೇಕೆಂದರೆ, ಸದ್ದು ಕೇಳಿ ತಲೆಯೆತ್ತಿದರೆ ತಡವಾಯಿತೆಂದೇ ಲೆಕ್ಕ. ಹನ್ನೊಂದು ಕಿಲೋಮೀಟರ್ ಎತ್ತರದ ಸದ್ದು ಹಾಸನದ ನಮ್ಮ ತಾರಸಿಗೆ ಇಳಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ವಿಮಾನ ಏಳೆಂಟು ಕಿಲೋಮೀಟರ್ ದಾಟಿರುತ್ತದೆ. ಹಾಗಾಗಿ ಯಾವ ವಿಮಾನ ಎಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಮೊಬೈಲ್ ಆ್ಯಪ್ ಫ್ಲೈಟ್‌ರಾಡಾರ್24 ನೋಡಿಕೊಂಡು ಮೊದಲೇ ಕಾಯುತ್ತೇನೆ.

ನಮ್ಮ ಬೀದಿಯ ಮಕ್ಕಳು ಆ ಬಿಳಿಗೆರೆಯನ್ನು ಕಂಡರೆ ‘ರಾಕೆಟ್’ ಎಂದು ಕೂಗುತ್ತಾರೆ. ಅದು ಹೊಗೆಯಲ್ಲ. ಎಂಜಿನ್ ಉಗುಳಿದ ನೀರಾವಿ ಮೈನಸ್ 40 ಡಿಗ್ರಿಗಿಂತಲೂ ತಣ್ಣಗಿನ ಗಾಳಿಯಲ್ಲಿ ಹಿಮದ ಹರಳಾಗುವುದು. ಅಂಥ ಚಳಿ ನಮ್ಮ ನೆತ್ತಿಯ ಮೇಲೆ ಸಿಗುವುದು ಯುರೋಪಿಗಿಂತ ಹೆಚ್ಚು ಎತ್ತರದಲ್ಲಿ. ಆದ್ದರಿಂದ 38–40 ಸಾವಿರ ಅಡಿಯಲ್ಲಿ ಹೋಗುವ ವಿಮಾನಗಳನ್ನೇ ಆರಿಸಿಕೊಳ್ಳಿ.

ಮಳೆಗಾಲ ಮುಗಿದ ಮೇಲಿನ ತಿಳಿ ಬೆಳಗುಗಳು ಒಳ್ಳೆಯವು. ತಾರಸಿ ಕಾದರೆ ಬಿಸಿಗಾಳಿಯ ನಡುಕ ಚಿತ್ರವನ್ನು ಕಲಸಿಬಿಡುತ್ತದೆ. ನಾನು ಎಂಟೂವರೆಗೆಲ್ಲ ಇಳಿದುಬಿಡುತ್ತೇನೆ. ನೀರಿನ ಟ್ಯಾಂಕಿನ ನೆರಳಿನಲ್ಲಿ ನಿಲ್ಲಿ. ಸೂರ್ಯ ಮರೆಯಾಗಿರಲಿ, ಲೆನ್ಸ್ ತಪ್ಪಿಯೂ ಅವನ ಕಡೆ ತಿರುಗಬಾರದು. ಇದೊಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನನ್ನದು 70–300 ಮಿ.ಮೀ. ಲೆನ್ಸ್. ಎಪ್ಪತ್ತು ಮೀಟರ್ ಉದ್ದದ ವಿಮಾನ ಅಷ್ಟು ಮೇಲೆ ಚಂದ್ರಬಿಂಬದ ಮುಕ್ಕಾಲು ಪಾಲೂ ಇರುವುದಿಲ್ಲ. 300ರಲ್ಲಿ ತೆಗೆದರೂ ಆಮೇಲೆ ಕತ್ತರಿಸಿಕೊಳ್ಳಲೇಬೇಕು. ಕತ್ತರಿಸಿದಾಗ ಉಳಿಯಬೇಕಾದರೆ ಫೋಕಸ್ ಖಚಿತವಾಗಿರಬೇಕು. ಬರಿಯ ನೀಲಿಯಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಬೆಳಗಿನ ಚಂದ್ರನಿದ್ದರೆ ಅವನ ಮೇಲೆ, ಇಲ್ಲದಿದ್ದರೆ ದೂರದ ಮೊಬೈಲ್ ಟವರಿನ ತುದಿಯ ಮೇಲೆ ಫೋಕಸ್ ಹಿಡಿದು ಮ್ಯಾನುಯಲ್‌ಗೆ ಬದಲಿಸಿ. ನಂತರ ಆ ಉಂಗುರವನ್ನು ಮುಟ್ಟಬೇಡಿ.

ಬಿಸಿಲು ಚೆನ್ನಾಗಿದ್ದರೆ ಲೆನ್ಸಿನ ಕಿಂಡಿ ಎಫ್/8, ಶಟರ್ 1/1250 ಸೆಕೆಂಡ್, ಬೆಳಕಿನ ಸಂವೇದನೆ ಐಎಸ್‌ಒ 200, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಬೆಳಕು ಹೆಚ್ಚಾಗಿ ಗೆರೆಯ ಬಿಳುಪು ಒಮ್ಮೆ ಸುಟ್ಟುಹೋದರೆ ಮರಳಿ ಬರುವುದಿಲ್ಲ, ಚಿತ್ರ ತುಸು ಕಪ್ಪಾದರೂ ಚಿಂತೆಯಿಲ್ಲ. ಮೊಣಕೈಗಳನ್ನು ಎದೆಗೊತ್ತಿಕೊಂಡು, ಸೊಂಟದಿಂದ ಮೇಲಿನ ಮೈಯನ್ನು ವಿಮಾನದ ಜೊತೆಗೇ ತಿರುಗಿಸುತ್ತ ಐದಾರು ಚಿತ್ರ ಒಟ್ಟಿಗೆ ತೆಗೆಯಿರಿ.

ಗೆರೆ ಹುಟ್ಟುತ್ತಲೇ ಅಳಿಸಿಹೋದರೆ ಮೇಲಿನ ಗಾಳಿ ಒಣಗಿದೆ ಎಂದರ್ಥ. ಅಳಿಸದೆ ಹರಡುತ್ತಿದ್ದರೆ ತೇವವಿದೆ. ಅಂಥ ದಿನ ಸಂಜೆಯೂ ತಾರಸಿ ಹತ್ತಿ. ಹೊನ್ನಿನ ಬಣ್ಣಕ್ಕೆ ತಿರುಗಿದ ಗೆರೆಯನ್ನು ತೆಂಗಿನ ಗರಿಗಳ ಸಮೇತ ಹಿಡಿಯಲು ಮೊಬೈಲೇ ಸಾಕು.

ಕಂಪ್ಯೂಟರಿನಲ್ಲಿ ದೊಡ್ಡದಾಗಿಸಿ ನೋಡುವಾಗ ನಾನು ಹುಡುಕುವುದು ಒಂದನ್ನೇ. ಎಂಜಿನ್ ಬಾಯಿಗೂ ಬಿಳಿ ಶುರುವಾಗುವ ಜಾಗಕ್ಕೂ ನಡುವೆ ಒಂದು ಸಣ್ಣ ನೀಲಿ ಸಂದು ಇರುತ್ತದೆ, ಆವಿ ಇನ್ನೂ ಹಿಮವಾಗದ ಸ್ಥಳ. ಆ ಸಂದು ಸ್ಪಷ್ಟವಾಗಿ ಕಂಡ ಚಿತ್ರವನ್ನು ಇಟ್ಟುಕೊಳ್ಳುತ್ತೇನೆ.