ಹಳೆ ಕುರ್ಚಿಗೆ ಟರ್ಪೆಂಟೈನ್ ಮೇಣ

ಬ್ರಷ್ ತೊಳೆಯೋಕೆ ಅಂತ ತಂದ ಟರ್ಪೆಂಟೈನ್ ಈಗ ನನ್ನಲ್ಲಿ ಜಾಸ್ತಿ ಖರ್ಚಾಗುವುದು ಮರದ ಸಾಮಾನಿಗೆ ಹಚ್ಚುವ ಮೇಣಕ್ಕೆ.

ಕೊಳ್ಳುವಾಗ ಲೇಬಲ್ ಓದಿ. ಪೈನ್ ಮರದ ಅಂಟನ್ನು ಭಟ್ಟಿ ಇಳಿಸಿದರೆ ಸಿಗುವುದು ನಿಜವಾದ ಟರ್ಪೆಂಟೈನ್. ಭಟ್ಟಿಯಲ್ಲಿ ಉಳಿಯುವ ಗಟ್ಟಿಯೇ ರಾಳ, ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದು. ‘ಮಿನರಲ್ ಟರ್ಪೆಂಟೈನ್’ ಅಂತಿದ್ದರೆ ಅದು ಪೆಟ್ರೋಲಿಯಂನದು. ಬ್ರಷ್‌ಗೆ ಅದೇ ಸಾಕು. ಮೇಣಕ್ಕೆ ನನಗೆ ಮರದ್ದೇ ಬೇಕು, ಆ ವಾಸನೆಯ ಆಸೆಗೆ ಅಂದುಕೊಳ್ಳಿ.

100 ಗ್ರಾಂ ಜೇನುಮೇಣವನ್ನು ತುರಿದು ಗಾಜಿನ ಜಾಡಿಗೆ ಹಾಕಿ. ಮೇಲೆ 200 ಮಿಲಿ ಟರ್ಪೆಂಟೈನ್ ಸುರಿದು, ಮುಚ್ಚಿ, ಒಂದೆರಡು ದಿನ ಸುಮ್ನೆ ಬಿಡಿ. ತಾನಾಗಿಯೇ ಕರಗುತ್ತದೆ. ಅವಸರವಿದ್ದರೆ ಮುಚ್ಚಳ ಸಡಿಲಿಸಿ ಜಾಡಿಯನ್ನು ಬಿಸಿನೀರಿನಲ್ಲಿ ಇಡಿ, ಆದರೆ ಒಲೆ ಆರಿಸಿ, ನೀರನ್ನು ದೂರ ತಂದ ಮೇಲೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇದರ ಆವಿಗೆ ಒಂದು ಕಿಡಿ ಸಾಕು. ಮೆತ್ತನೆಯ ಬೆಣ್ಣೆಯ ಹದ ಬಂದರೆ ಸರಿ. ಗಟ್ಟಿಯಾದರೆ ಇನ್ನೆರಡು ಚಮಚ ಸೇರಿಸಿ.

ಕಿಟಕಿ ತೆರೆದಿಟ್ಟು, ಹತ್ತಿ ಬಟ್ಟೆಯಲ್ಲಿ ಚೂರೇ ಚೂರು ತೆಗೆದುಕೊಂಡು ಮರದ ಎಳೆಯ ದಿಕ್ಕಿಗೇ ಉಜ್ಜಿ. ಇಪ್ಪತ್ತು ನಿಮಿಷಕ್ಕೆ ಮೇಲ್ಮೈ ಮಬ್ಬಾಗುತ್ತದೆ. ಆಗ ಒಣ ಬಟ್ಟೆಯಿಂದ ತಿಕ್ಕಿ. ಮೊದಲ ಸಲ ನಾನು ದಪ್ಪಗೆ ಬಳಿದುಬಿಟ್ಟಿದ್ದೆ. ವಾರವಾದರೂ ಕುರ್ಚಿಯಿಂದ ಏಳುವಾಗ ಅಂಗಿ ಚರ್ ಅಂತ ಬಿಡಿಸಿಕೊಳ್ಳುತ್ತಿತ್ತು! ಕೊನೆಗೆ ಟರ್ಪೆಂಟೈನ್‌ನಲ್ಲೇ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದೆ.

ಬ್ರಷ್ ತೊಳೆದದ್ದನ್ನು ಚರಂಡಿಗೆ ಸುರಿಯಬೇಡಿ. ಮುಚ್ಚಿಟ್ಟರೆ ಬಣ್ಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಥರ್ಮೋಕೋಲ್ ಲೋಟಕ್ಕಂತೂ ಹಾಕಲೇಬೇಡಿ, ಲೋಟವೇ ಕರಗುತ್ತದೆ. ಅಗಸೆ ಎಣ್ಣೆ ತಾಗಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಹಿಂದೆ ಟರ್ಪೆಂಟೈನ್‌ಗೆ ಕರ್ಪೂರ ಬೆರೆಸಿ ಮಂಡಿನೋವಿಗೆ ತಿಕ್ಕುತ್ತಿದ್ದರು. ಕೆಲವು ನೋವಿನ ಎಣ್ಣೆಗಳಲ್ಲಿ ಈಗಲೂ ಇರುತ್ತದೆ. ಹಾಗಂತ ಬಣ್ಣದ ಬಾಟಲಿಯದನ್ನು ಮೈಗೆ ಹಚ್ಚಬೇಡಿ, ಚರ್ಮ ಉರಿಯುತ್ತದೆ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆ ಬಾಟಲಿ ಸಿಕ್ಕಿತಾ? ಒಂದು ಹನಿ ಕಾಗದದ ಮೇಲೆ ಬಿಡಿ. ಮರುದಿನ ಅಂಟಂಟಾಗಿದ್ದರೆ ಮೇಣಕ್ಕೆ ಬೇಡ.